ತಂತ್ರಾಂಶ ರಚನೆಯಲ್ಲಿ ಪ್ರತಿಸ್ಪರ್ಧಿಯ ಪರೀಕ್ಷೆಯೂ ಗ್ರಾಹಕನ ವಿಚಾರಣೆಯೂ

ಹೊಸ ತಂತ್ರಾಂಶವೊಂದನ್ನು ರಚಿಸಲು ತೊಡಗುವವನು ಮೊದಲು ನೋಡಬೇಕಾದುದು ಯಾರನ್ನು? ಅದೇ ಕಾರ್ಯಕ್ಕೆ ಈಗಾಗಲೇ ತಂತ್ರಾಂಶವನ್ನು ಮಾರುತ್ತಿರುವ ಪ್ರತಿಸ್ಪರ್ಧಿಯನ್ನೋ, ಅದನ್ನು ಬಳಸಬೇಕಾದ ಗ್ರಾಹಕನನ್ನೋ? ಕಾಲವೂ ಹಣವೂ ಮಿತವಾಗಿರುವಾಗ ಎರಡರಲ್ಲಿ ಒಂದಕ್ಕೆ ಪ್ರಾಶಸ್ತ್ಯ ಕೊಡಲೇಬೇಕಾಗುತ್ತದೆ. ಇತಿಹಾಸದ ಅಧ್ಯಾಪಕರಾದ ನಮಗೆ ಇದು ಅಪರಿಚಿತವಾದ ಪ್ರಶ್ನೆಯಲ್ಲ. ಯಾವ ಆಕರವು ಯಾವ ಸಂಗತಿಗೆ ಸಾಕ್ಷಿಯಾಗಬಲ್ಲದು ಎಂಬ ವಿಚಾರವೇ ಇಲ್ಲಿಯೂ ಅಡಗಿದೆ.

ಪ್ರತಿಸ್ಪರ್ಧಿಯ ಪರೀಕ್ಷೆಗೆ ನಮ್ಮ ನೆರೆಯ ಹಂಪೆಯಲ್ಲಿಯೇ ಒಂದು ನಿದರ್ಶನವುಂಟು. ಬಹಮನಿಗಳು ತಮ್ಮನ್ನು ಗೆಲ್ಲುತ್ತಿರುವುದೇಕೆಂದು ಇಮ್ಮಡಿ ದೇವರಾಯನು ಸಭೆಯಲ್ಲಿ ಕೇಳಿದನೆಂದೂ, ಅವರ ಕುದುರೆಗಳೂ ಬಿಲ್ಲುಗಾರರೂ ಮೇಲೆಂಬ ಉತ್ತರ ಬಂದಿತೆಂದೂ, ತರುವಾಯ ಆತನು ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿಕೊಂಡನೆಂದೂ ಫೆರಿಶ್ತನು ಬರೆದಿದ್ದಾನೆ. ಫೆರಿಶ್ತನು ಸಮಕಾಲೀನನಲ್ಲ, ನಿಜ. ಆದರೆ ಅಹಮದ್ ಖಾನನು ಅಲ್ಲಿ ಕಟ್ಟಿಸಿದ ಮಸೀದಿಯ 1439ರ ಶಾಸನವು ರಾಯನ ಸೇವೆಯಲ್ಲಿ ಮುಸಲ್ಮಾನರಿದ್ದುದನ್ನು ಖಚಿತಪಡಿಸುತ್ತದೆ. ರಣರಂಗದಲ್ಲಿ ಸೋತವನು ಗೆದ್ದವನನ್ನು ಪರೀಕ್ಷಿಸುವುದು ಯುಕ್ತವೇ. ಮಾರುಕಟ್ಟೆಯಲ್ಲಾದರೋ ಗೆಲುವನ್ನು ನಿರ್ಣಯಿಸುವವನು ಮೂರನೆಯವನಾದ ಗ್ರಾಹಕ.

ಹೊಸಪೇಟೆಯ ಅಂಗಡಿಗಳಿಗೂ ಪರಿಚಿತವಾದ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ನೋಡೋಣ. ಅದರ ಸಂಸ್ಥೆ ಬೆಂಗಳೂರಿನದು, ಆರಂಭ 1986ರಲ್ಲಿ. ಗಿರಣಿ ಕಾರ್ಖಾನೆಗಳಿಗೆ ಸಾಮಗ್ರಿಯನ್ನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯಾಪಾರಕ್ಕೆ ಒಪ್ಪುವ ತಂತ್ರಾಂಶವು ದೊರೆಯದೆ, ಮಗನಾದ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸುವಂತೆ ಹೇಳಿದರು. ಗ್ರಾಹಕನು ಮನೆಯಲ್ಲಿಯೇ ಇದ್ದನು! ಪ್ರತಿಯೊಂದು ಖಾತೆಗೂ ಸಂಕೇತಸಂಖ್ಯೆಯನ್ನು ಕೊಡುವುದು ಅಂದಿನ ಲೆಕ್ಕದ ತಂತ್ರಾಂಶಗಳ ಪದ್ಧತಿ. ಖಾತೆಯನ್ನು ಹೆಸರಿನಿಂದಲೇ ಬಲ್ಲ ವರ್ತಕನಿಗೆ ಅದೊಂದು ತೊಡಕು. ಟ್ಯಾಲಿಯು ಸಂಕೇತಗಳನ್ನೇ ಕೈಬಿಟ್ಟಿತು. ಪ್ರತಿಸ್ಪರ್ಧಿಗಳನ್ನಷ್ಟೇ ಪರೀಕ್ಷಿಸಿದ್ದರೆ ಇನ್ನೂ ಉತ್ತಮವಾದ ಸಂಕೇತವ್ಯವಸ್ಥೆಯೊಂದು ಸಿದ್ಧವಾಗುತ್ತಿತ್ತೇನೊ; ಸಂಕೇತವೇ ಬೇಡವೆಂಬುದು ಹೊಳೆಯುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಹಾಗೆಂದು ಪ್ರತಿಸ್ಪರ್ಧಿಯನ್ನು ಕಡೆಗಣಿಸುವಂತಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1900ನೆಯ ಇಸವಿಯನ್ನು ಅಧಿಕ ವರ್ಷವೆಂದು ಎಣಿಸುತ್ತದೆ. ಗ್ರೆಗೋರಿಯನ್ ಪಂಚಾಂಗದಲ್ಲಿಲ್ಲದ ಫೆಬ್ರವರಿ 29 ಅದರಲ್ಲಿ ಉಂಟು. ಕಾಲಗಣನೆಯನ್ನು ಬೋಧಿಸುವ ನಮಗೆ ಇದನ್ನು ಸಹಿಸುವುದು ಕಷ್ಟವೇ. ಆದರೂ ಅದು ತಿಳಿದೇ ಇರಿಸಿಕೊಂಡ ದೋಷ. 1983ರಲ್ಲಿ ಬಂದ ಲೋಟಸ್ 1-2-3 ಹಾಗೆ ಎಣಿಸುತ್ತಿತ್ತು. ಅದನ್ನು ಬಿಟ್ಟು ಬರುವವರ ಹಳೆಯ ಕಡತಗಳಲ್ಲಿನ ದಿನಾಂಕಗಳು ಕೆಡಬಾರದಾಗಿತ್ತು. ಪ್ರತಿಸ್ಪರ್ಧಿಯನ್ನು ಇಷ್ಟು ಸೂಕ್ಷ್ಮವಾಗಿ ನೋಡಿದುದೂ ಗ್ರಾಹಕನಿಗಾಗಿಯೇ.

ಕಂಪ್ಲಿಯ ಅಕ್ಕಿಗಿರಣಿಯೊಂದಕ್ಕೆ ತಂತ್ರಾಂಶವನ್ನು ರಚಿಸಬಯಸುವ ವಿದ್ಯಾರ್ಥಿಯು ಮೊದಲ ಕೆಲವು ದಿನಗಳನ್ನು ಗಿರಣಿಯ ಗುಮಾಸ್ತನ ಪಕ್ಕದಲ್ಲಿ ಕಳೆಯುವುದು ಲೇಸು. ಏನು ಬೇಕೆಂದು ಕೇಳಿದರೆ ಆತನು ತಾನು ಬಲ್ಲ ತಂತ್ರಾಂಶದ ಹೆಸರನ್ನೇ ಹೇಳಿಯಾನು. ಆದುದರಿಂದ ಕೇಳುವುದಕ್ಕಿಂತ ನೋಡುವುದು ಮೇಲು. ಒಂದೇ ಹೆಸರಿನ ಇಬ್ಬರು ರೈತರನ್ನು ಆತನು ಹೇಗೆ ಬೇರ್ಪಡಿಸುತ್ತಾನೆ, ಕೊಟ್ಟ ಮುಂಗಡವನ್ನು ಎಲ್ಲಿ ಬರೆದಿಡುತ್ತಾನೆ, ಹಸಿ ಭತ್ತದ ತೂಕದಲ್ಲಿ ತೇವಕ್ಕೆಂದು ಎಷ್ಟು ಕಳೆಯುತ್ತಾನೆ ಎಂಬುದು ಅನ್ಯರ ತಂತ್ರಾಂಶವನ್ನು ತೆರೆದು ನೋಡಿದರೆ ಕಾಣಸಿಗುವುದಿಲ್ಲ. ತೇವದ ಲೆಕ್ಕ ತಪ್ಪಿದರೆ ನಷ್ಟವಾಗುವುದು ಭತ್ತವನ್ನು ತಂದ ರೈತನಿಗೆ. ಇದನ್ನೆಲ್ಲ ಕಂಡ ಬಳಿಕ, ಗಿರಣಿಯ ಹಳೆಯ ಲೆಕ್ಕವು ಈಗಿರುವ ತಂತ್ರಾಂಶದಿಂದ ಹೊಸದಕ್ಕೆ ಕೆಡದೆ ಬರುವುದೇ ಎಂಬುದನ್ನು ತಿಳಿಯಲು ಪ್ರತಿಸ್ಪರ್ಧಿಯ ಪರೀಕ್ಷೆಗೆ ತೊಡಗಬಹುದು.