ಅಚ್ಚಿಗೊಬ್ಬ ದುಭಾಷಿ

ಗಡಿನಾಡಿನಲ್ಲಿ ಬಾಳುವವರಿಗೆ ದುಭಾಷಿಯ ಬೆಲೆ ಗೊತ್ತು. ದೂಧಗಂಗಾ ದಂಡೆಯ ಸದಲಗಾದಂಥ ಊರಿನಲ್ಲಿ ಕನ್ನಡ ಮರಾಠಿಗಳು ಒಂದೇ ಪೇಟೆಯಲ್ಲಿ ಓಡಾಡುತ್ತವೆ. ಎರಡನ್ನೂ ಬಲ್ಲವನು ನಡುವೆ ನಿಂತರೆ ವ್ಯವಹಾರ ಸುಗಮ; ಅವನಿಲ್ಲದಿದ್ದರೆ ಇಬ್ಬರೂ ಶುದ್ಧವಾಗಿಯೇ ನುಡಿದರೂ ಒಬ್ಬರ ಪಾಲಿಗೊಬ್ಬರು ಮೂಕರು. ಗಣಕಯಂತ್ರದಲ್ಲಿ ಜೋಡಿಸಿದ ಪುಟಕ್ಕೂ ಇಂಥದೇ ದುಭಾಷಿಯೊಬ್ಬ ಬೇಕು. ಅವನು ಕಾಣೆಯಾದರೆ ಪುಸ್ತಕವು ಕೈಯಲ್ಲಿದ್ದೂ ಇಲ್ಲದಂತೆ. ಕನ್ನಡದ ಮಟ್ಟಿಗೆ ಇದು ಬರಿಯ ಯಂತ್ರಶಾಸ್ತ್ರದ ಮಾತಲ್ಲ. ಒಂದು ತಲೆಮಾರಿನ ಬರಹದ ಅಳಿವು ಉಳಿವಿನ ಪ್ರಶ್ನೆ.

ಸೀಸದ ಮೊಳೆಗಳ ಕಾಲದಲ್ಲಿ ಈ ತೊಡಕಿರಲಿಲ್ಲ. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನಾಗಲಿ, 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟ್ಟೆಲ್ ನಿಘಂಟನ್ನಾಗಲಿ ಓದಲು ಕಣ್ಣು, ಬೆಳಕು, ಅಕ್ಷರಜ್ಞಾನ ಇಷ್ಟಿದ್ದರೆ ಸಾಕು. ಮೊಳೆಗಳನ್ನು ಮರಳಿ ಖಾನೆಗೆ ಹಾಕಿದ ಮೇಲೂ ಪುಟ ಉಳಿಯಿತು. ಗಣಕದ ಪುಟ ಹಾಗಲ್ಲ. ಕಾಗದಕ್ಕೆ ಇಳಿಯುವ ತನಕ ಅದು ಅಂಕಿಗಳ ಸಾಲು ಮಾತ್ರ.

ಈ ಸಾಲನ್ನು ಅತ್ಯಂತ ವಿವೇಕದಿಂದ ರೂಪಿಸಿದವರ ಕಥೆ ಬೋಧಪ್ರದವಾಗಿದೆ. ಅಮೆರಿಕೆಯ ಗಣಿತಜ್ಞ ಡೊನಾಲ್ಡ್ ಕ್ನೂತ್ ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿ, ಅಕ್ಷರಗಳ ಅಂದಗೇಡಿತನಕ್ಕೆ ಬೇಸತ್ತು, 1977ರಲ್ಲಿ 'ಟೆಕ್' ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ಕೈಗೊಂಡರು. ಆ ದಿನಗಳಲ್ಲಿ ಒಂದೊಂದು ಮುದ್ರಣಯಂತ್ರದ ಭಾಷೆಯೂ ಒಂದೊಂದು ಬಗೆ. ಆದುದರಿಂದ ಟೆಕ್ ಯಾವ ಯಂತ್ರದ ಭಾಷೆಯನ್ನೂ ಆಡುವುದಿಲ್ಲ, 'ಡಿ.ವಿ.ಐ.' ಎಂಬ ಯಂತ್ರನಿರಪೇಕ್ಷ ಕಡತವೊಂದನ್ನು ಬರೆದಿಡುತ್ತದೆ. ಈ ಕಡತದ ವಿನ್ಯಾಸವನ್ನು 1979ರಲ್ಲಿ ರೂಪಿಸಿದವರು ಡೇವಿಡ್ ಫುಕ್ಸ್. ಇಂಥ ಅಕ್ಷರಮಾಲೆಯ ಇಷ್ಟನೆಯ ಅಕ್ಷರವನ್ನು ಪುಟದ ಇಂಥ ಸ್ಥಾನದಲ್ಲಿ ಇಡು ಎಂಬ ಆಜ್ಞೆಗಳು ಮಾತ್ರ ಅದರಲ್ಲಿರುತ್ತವೆ. ಅಕ್ಷರದ ಆಕಾರ ಅದರಲ್ಲಿಲ್ಲ. ಅದು ಬೇರೆಯೇ ಫಾಂಟ್ ಕಡತದಲ್ಲಿರುತ್ತದೆ.

ಆಜ್ಞೆಯನ್ನೂ ಆಕಾರವನ್ನೂ ಕೂಡಿಸಿ, ಮುದ್ರಣಯಂತ್ರಕ್ಕೆ ತಿಳಿಯುವ ಚುಕ್ಕೆಗಳನ್ನಾಗಿ ಮಾಡಿಕೊಡುವವನೇ ನಮ್ಮ ದುಭಾಷಿ. ವ್ಯವಹಾರದಲ್ಲಿ ಅವನ ಹೆಸರು ಡ್ರೈವರ್. ಅದೇ ಕೆಲಸವನ್ನು ಪರದೆಗಾಗಿ ಮಾಡಿ, ಅಚ್ಚಿಗೆ ಮುನ್ನವೇ ಪುಟವನ್ನು ತೋರಿಸುವುದು ಮುನ್ನೋಟದ ತಂತ್ರಾಂಶ. ಅಂಗುಲಕ್ಕೆ 300 ಚುಕ್ಕೆ ಇಡುವ ಲೇಸರ್ ಪ್ರಿಂಟರಿಗಾಗಿ ಕೊರೆದ ಅಕ್ಷರಾಕಾರವು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಒಗ್ಗದು. ಹೀಗಾಗಿ ಹಳೆಯ ಗಣಕಗಳ ಕಾಲದಲ್ಲಿ ಯಂತ್ರ ಬದಲಾದಾಗಲೆಲ್ಲ ಹೊಸ ಡ್ರೈವರಿಗಾಗಿ, ಹೊಸ ಅಕ್ಷರಾಕಾರಗಳಿಗಾಗಿ ಅಲೆಯುವುದು ಅನಿವಾರ್ಯವಾಗಿತ್ತು.

ಆದರೂ ಆ ಅಲೆದಾಟಕ್ಕೆ ಕೊನೆಯಿತ್ತು. ಡಿ.ವಿ.ಐ. ಕಡತದ ಒಳಗುಟ್ಟನ್ನು ಯಾರೂ ಬಚ್ಚಿಡಲಿಲ್ಲ. ಎಲ್ಲರೂ ಓದುವಂತೆ ಅದನ್ನು ಪ್ರಕಟಿಸಿದರು. ಆದುದರಿಂದಲೇ ಡಾಸ್ ಗಣಕಗಳಿಗೆ ಎಬರ್ಹಾರ್ಡ್ ಮಾಟೆಸ್ ಅವರ 'ಎಂಟೆಕ್' ಬಂದಿತು. ತಾಮಸ್ ರೊಕಿಕಿಯವರ 'ಡಿವಿಪ್ಸ್' ಆ ಕಡತವನ್ನು ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ತಿರುಗಿಸಿತು. ಇಂಥ ಸಲಕರಣೆಗಳನ್ನೆಲ್ಲ ಒಂದೆಡೆ ಕೂಡಿಡಲು 1992ರಲ್ಲಿ 'ಸಿಟ್ಯಾನ್' ಎಂಬ ಸಾರ್ವಜನಿಕ ಭಂಡಾರವೂ ಏರ್ಪಟ್ಟಿತು. ಕಡತದ ಮೊದಲ ಅಂಕಿ 247, ಎರಡನೆಯದು 2 ಆಗಿದ್ದರೆ ಅದು ಡಿ.ವಿ.ಐ. ಎಂದು ಇಂದಿಗೂ ಗುರುತಿಸಬಹುದು. ಅದಕ್ಕೆ ಬೇಕಾದ ಫಾಂಟು ದೊರೆತರೆ ನಲವತ್ತು ವರ್ಷದ ಹಿಂದಿನ ಪುಟವೂ ಕಣ್ಣೆದುರು ಮೂಡುತ್ತದೆ.

ಇನ್ನು ನಮ್ಮ ಕನ್ನಡದ ಕಡೆಗೆ ನೋಡೋಣ. ಟೆಕ್ ಪದ್ಧತಿಗೆ ಕನ್ನಡವನ್ನು ಒಗ್ಗಿಸುವ ಯತ್ನಗಳು ನಡೆಯದಿಲ್ಲ. ರೋಮನ್ ಅಕ್ಷರಗಳಲ್ಲಿ ಬರೆದುದನ್ನು ಕನ್ನಡ ಪುಟವಾಗಿಸುವ 'ಕಾಂಟೆಕ್' ಬಂದಿತು. ಗಣಿತದ ಪ್ರಾಧ್ಯಾಪಕ ಸಿ. ಎಸ್. ಯೋಗಾನಂದ ಅವರು ಕನ್ನಡ ಟೆಕ್ ಅನ್ನು ಬೆಳೆಸಿದರು. ಆದರೆ ನಮ್ಮ ಬಹುಪಾಲು ಪುಸ್ತಕಗಳೂ ಸ್ಮರಣ ಸಂಚಿಕೆಗಳೂ ಸಿದ್ಧವಾದುದು ಡಿ.ಟಿ.ಪಿ. ಅಂಗಡಿಗಳಲ್ಲಿ, ಶ್ರೀಲಿಪಿ, 1998ರಲ್ಲಿ ಬಂದ ಬರಹ, ಆಮೇಲಿನ ನುಡಿ ಮೊದಲಾದ ತಂತ್ರಾಂಶಗಳಲ್ಲಿ. ಕೀಲಿಮಣೆಯಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸ ಬಹುಮಟ್ಟಿಗೆ ಏಕರೂಪವನ್ನು ತಂದುಕೊಟ್ಟಿತು. ಒಳಗಿನ ಸಂಕೇತಗಳಲ್ಲಿ ಮಾತ್ರ ಆ ಏಕರೂಪವಿರಲಿಲ್ಲ. ಒಂದು ಫಾಂಟಿನಲ್ಲಿ ತಲಕಟ್ಟಾಗಿದ್ದ ಅಂಕಿ ಇನ್ನೊಂದರಲ್ಲಿ ಒತ್ತಕ್ಷರವಾಗಬಹುದು. ಹಳೆಯ ಫ್ಲಾಪಿಯಿಂದ ಕಡತವನ್ನು ಹೊರತೆಗೆದರೂ ಫಾಂಟು ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದು ನಮ್ಮ ಮುದ್ರಣದ ಮನೆಗಳ ಹೊಸ್ತಿಲು ದಾಟಲು ಬಹುಕಾಲ ಬೇಕಾಯಿತು.

ಇಂಥ ಸಂಕಟ ಕನ್ನಡನಾಡಿಗೆ ಹೊಸದಲ್ಲ. ಸದಲಗಾ ಆಚಾರ್ಯ ವಿದ್ಯಾಸಾಗರರು ಬೆಳೆದ ಊರು. ಜೈನ ಪರಂಪರೆಯ ನೆನಪು ಅಲ್ಲಿ ಹಸಿರಾಗಿದೆ. ಆ ಪರಂಪರೆಯ ಮೇರುಕೃತಿಯಾದ ವೀರಸೇನಾಚಾರ್ಯರ 'ಧವಲಾ' ಟೀಕೆ ಶತಮಾನಗಳ ಕಾಲ ಮೂಡಬಿದಿರೆಯ ಭಂಡಾರದಲ್ಲಿ ತಾಳೆಗರಿಯ ಮೇಲೆ ಉಳಿದಿತ್ತು. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ಗರಿಗಳನ್ನು ಭಕ್ತಿಯಿಂದ ಕಾದರು. ಎರಡನ್ನೂ ಬಲ್ಲ ಓದುಗರು ಮಾತ್ರ ವಿರಳರಾದರು. ಲಿಪಿಕಾರರು ಅದನ್ನು ಪ್ರತಿ ಮಾಡಿ ನಾಗರಿಗೆ ತಂದ ಮೇಲೆಯೇ, 1939ರಲ್ಲಿ, ಅದರ ಮೊದಲ ಸಂಪುಟ ಅಚ್ಚಿನ ಬೆಳಕು ಕಂಡಿತು. ಗರಿಯನ್ನು ಉಳಿಸಿದರೆ ಸಾಲದು, ಓದುವ ದಾರಿಯನ್ನೂ ಉಳಿಸಬೇಕೆಂಬ ಪಾಠವನ್ನು ಆ ಗ್ರಂಥ ನಮಗೆ ಕಲಿಸಿದೆ.

ಹಾಗಾದರೆ ಮಾಡಬೇಕಾದುದೇನು? ಶಾಲೆಯ ಕಪಾಟಿನಲ್ಲಿ, ಸಂಘದ ಕಚೇರಿಯಲ್ಲಿ, ಮುದ್ರಣಾಲಯದ ಮೂಲೆಯಲ್ಲಿ ಬಿದ್ದಿರುವ ಫ್ಲಾಪಿ, ಸಿ.ಡಿ.ಗಳನ್ನು ಅವು ಕೆಡುವ ಮುನ್ನ ಪ್ರತಿ ಮಾಡಿಕೊಳ್ಳಬೇಕು. ಯಾವ ತಂತ್ರಾಂಶ, ಯಾವ ಫಾಂಟು ಎಂಬುದನ್ನು ಜೋಡಿಸಿದವರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ತಿರುಗಿಸಿದ ಬಳಿಕ ಅಚ್ಚಾದ ಪ್ರತಿಯೊಡನೆ ಒತ್ತಕ್ಷರ, ರೇಫಗಳನ್ನು ತಾಳೆ ನೋಡಬೇಕು. ಪುಟದ ರೂಪವೂ ಬೇಕಾದರೆ ಫಾಂಟನ್ನು ತನ್ನೊಳಗೆ ಹೊತ್ತ ಪಿ.ಡಿ.ಎಫ್. ಕಡತವನ್ನು ಜೊತೆಗಿಡಬೇಕು. ಅಕ್ಕರೆಯ ಅಧ್ಯಾಪಕನೊಬ್ಬ, ಉತ್ಸಾಹಿಗಳಾದ ನಾಲ್ವರು ವಿದ್ಯಾರ್ಥಿಗಳು ಕೂಡಿದರೆ ರಜೆಯೊಂದರಲ್ಲಿ ಮುಗಿಯುವ ಕೆಲಸವಿದು.

ಯಂತ್ರಗಳು ಹಳತಾಗುವುದು ಸಹಜ. ಅವುಗಳ ಮಾತು ಬಲ್ಲವರೂ ಮರೆಯಾಗುತ್ತಾರೆ. ಗಡಿಯ ಕನ್ನಡಿಗನು ತನ್ನ ನುಡಿಯನ್ನು ನಿತ್ಯವೂ ಆಡಿ ಉಳಿಸಿಕೊಂಡಿದ್ದಾನೆ. ಅದೇ ಎಚ್ಚರವನ್ನು ಅವನು ತನ್ನ ಅಚ್ಚಿನ ಕಡತಗಳಿಗೂ ತೋರಬೇಕಾದ ಹೊತ್ತು ಇದು.