ಕಮಿಷನ್ ಕಡಿಮೆಯಾಯಿತೆಂದು ಕಣ್ಣೀರೇಕೆ?

ಮನೆಗೆಲಸದ ನಡುವೆ ನಾಲ್ಕು ಕಾಸು ಸಂಪಾದಿಸಬೇಕೆಂಬ ಆಸೆ ನಮ್ಮಲ್ಲಿ ಯಾರಿಗಿಲ್ಲ ಹೇಳಿ? ನಮ್ಮ ತಾಯಂದಿರು ಹಪ್ಪಳ, ಸಂಡಿಗೆ ಮಾಡಿ ಮಾರಿದರು, ಸ್ವೆಟರ್ ಹೆಣೆದು ಕೊಟ್ಟರು. ನಮಗೀಗ ಮೊಬೈಲ್ ಇನ್ನೊಂದು ದಾರಿ ತೋರಿಸಿದೆ. ಅಡುಗೆ ಮಾಡುವುದನ್ನು ವಿಡಿಯೋ ಮಾಡಿ ಹಾಕುವುದು, ಅದರ ಕೆಳಗೆ 'ಈ ಕಾವಲಿ ಇಲ್ಲಿ ಸಿಗುತ್ತದೆ' ಅಂತ ಲಿಂಕ್ ಕೊಡುವುದು. ನೋಡಿದವರು ಅದನ್ನು ಒತ್ತಿ ಸಾಮಾನು ಕೊಂಡರೆ ನಮಗೆ ನೂರಕ್ಕೆ ಇಷ್ಟು ಅಂತ ಕಮಿಷನ್. ಇದಕ್ಕೆ ಅಫಿಲಿಯೇಟ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅಂಗಡಿಗೆ ಗಿರಾಕಿ ಕರೆತಂದವರಿಗೆ ಸಿಗುವ ದಲ್ಲಾಳಿಯೇ ಇದು!

ಎಸ್ಸೆಸ್ಸೆಲ್ಸಿ ಓದಿದ ನಾನೂ ಮೂರು ವರ್ಷದ ಹಿಂದೆ ಮಗಳ ಸಹಾಯದಿಂದ ಇದನ್ನು ಶುರು ಮಾಡಿದೆ. ಗೋಕುಲಾಷ್ಟಮಿಗೆ ಮುಂಚೆ ಚಕ್ಕುಲಿ ಒರಳು, ಬೇಸಿಗೆಯಲ್ಲಿ ಉಪ್ಪಿನಕಾಯಿ ಭರಣಿ, ಹೀಗೆ ಕಾಲಕ್ಕೆ ತಕ್ಕಂತೆ ಲಿಂಕ್ ಹಾಕುತ್ತಿದ್ದೆ. ತಿಂಗಳಿಗೆ ನಾಲ್ಕು ಸಾವಿರ ಬರತೊಡಗಿತು. ಆ ಧೈರ್ಯದ ಮೇಲೆ, "ಮಗಳ ಹಾಸ್ಟೆಲ್ ಖರ್ಚು ನಾನೇ ಕೊಡ್ತೀನಿ ರೀ" ಅಂತ ಯಜಮಾನರಿಗೆ ಹೇಳಿಬಿಟ್ಟೆ.

ಒಂದು ದಿನ ಕಂಪನಿಯಿಂದ ಇಂಗ್ಲಿಷಿನಲ್ಲಿ ಉದ್ದನೆಯ ಈ-ಮೇಲ್ ಬಂತು. ಓದದೆ ಬಿಟ್ಟೆ. ಮುಂದಿನ ತಿಂಗಳು ಕೈಗೆ ಬಂದದ್ದು ಸಾವಿರದ ಆರುನೂರು! ಸಾಮಾನು ಎಂದಿನಷ್ಟೇ ಮಾರಾಟವಾಗಿತ್ತು. ನೂರಕ್ಕೆ ಹತ್ತು ಇದ್ದ ಕಮಿಷನ್ ನಾಲ್ಕಕ್ಕೆ ಇಳಿದಿತ್ತು, ಅಷ್ಟೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇದು ನನ್ನೊಬ್ಬಳ ಪಾಡಲ್ಲ. ಅಮೆಜಾನ್ ಕಂಪನಿ ಅಮೆರಿಕದಲ್ಲಿ ಇಂಥ ಯೋಜನೆ ಆರಂಭಿಸಿದ್ದು 1996ರಲ್ಲಿ. 2020ರ ಏಪ್ರಿಲ್ 21ರಿಂದ, ಅದೂ ಕೊರೋನಾ ಕಾಲದಲ್ಲಿ, ಅಲ್ಲಿ ಪೀಠೋಪಕರಣಗಳ ಕಮಿಷನ್ ನೂರಕ್ಕೆ 8ರಿಂದ 3ಕ್ಕೆ, ದಿನಸಿಯದು 5ರಿಂದ 1ಕ್ಕೆ ಇಳಿಯಿತು. ತಿಳಿಸಿದ್ದು ಒಂದು ವಾರ ಮುಂಚೆ ಮಾತ್ರ. ಅದನ್ನೇ ನಂಬಿ ಕೂತವರ ಗತಿ ಏನಾಗಿರಬೇಕು, ಯೋಚಿಸಿ.

ಇನ್ನು ನಾನು ಮಾಡಿದ ತಪ್ಪು ಕೇಳಿ. ಹೋದ ದುಡ್ಡನ್ನು ತುಂಬಿಕೊಳ್ಳಲು, ಹೆಚ್ಚು ಕಮಿಷನ್ ಇದ್ದ ಒಂದು ನಾನ್‌ಸ್ಟಿಕ್ ಬಾಣಲೆಯನ್ನು ಬಳಸಿಯೂ ನೋಡದೆ ಹೊಗಳಿದೆ. ತಿಂಗಳೊಳಗೆ ಹಿಂದಿನ ಬೀದಿಯ ಹುಡುಗಿ ಬಾಣಲೆ ಹಿಡಿದು ಬಂದಳು. ಕಪ್ಪು ಲೇಪ ಪದರ ಪದರವಾಗಿ ಎದ್ದಿತ್ತು. "ಅಕ್ಕಾ, ನೀವು ಹೇಳಿದ್ರಿ ಅಂತ ತಗೊಂಡೆ" ಅಂದಳು. ಬೈದಿದ್ದರೂ ಚೆನ್ನಾಗಿತ್ತು. ಅವಳ ದುಡ್ಡು ವಾಪಸು ಕೊಟ್ಟೆ, ಆ ವಿಡಿಯೋ ತೆಗೆದುಹಾಕಿದೆ.

ಈ ಪೆಟ್ಟು ತಿಂದು ಕಲಿತದ್ದನ್ನು ನಿಮಗೂ ಹೇಳುತ್ತೇನೆ:

1. ಕಂಪನಿಯಿಂದ ಬಂದ ಪತ್ರ ಓದದೆ ಬಿಡಬೇಡಿ. ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಓದಿಸಿ. ದರ ಬದಲಿಸುವ ಹಕ್ಕು ಅವರಿಗಿದೆಯೇ ಎಂದು ಒಪ್ಪಂದದಲ್ಲಿ ಮೊದಲೇ ನೋಡಿಕೊಳ್ಳಿ.

2. ಹಾಲಿನ ಲೆಕ್ಕದಂತೆ ಇದಕ್ಕೂ ಒಂದು ಪುಸ್ತಕ ಇಡಿ. ಎಷ್ಟು ಮಾರಾಟವಾಯಿತು, ಎಷ್ಟು ವಾಪಸು ಹೋಯಿತು, ಕೈಗೆ ಬಂದದ್ದೆಷ್ಟು ಎಲ್ಲ ಬರೆಯಿರಿ. ಗಿರಾಕಿ ಸಾಮಾನು ಹಿಂತಿರುಗಿಸಿದರೆ ನಿಮ್ಮ ಕಮಿಷನ್ನೂ ಹೋಗುತ್ತದೆ. ಬ್ಯಾಂಕಿಗೆ ಬೀಳುವವರೆಗೆ ಅದನ್ನು ನಿಮ್ಮ ದುಡ್ಡೆಂದು ಎಣಿಸಬೇಡಿ.

3. ಒಂದೇ ಬಾವಿಯನ್ನು ನೆಚ್ಚಿದರೆ ಬೇಸಿಗೆಯಲ್ಲಿ ಕಷ್ಟ. ಎರಡು ಮೂರು ಕಂಪನಿಗಳ ಲಿಂಕ್ ಇರಲಿ. ಜೊತೆಗೆ ನಿಮ್ಮದೇ ಆದ ಒಂದು ಪದಾರ್ಥ ಮಾಡಿ ಮಾರಿ. ತಿಂಡಿ ತಿನಿಸಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲು ಮರೆಯಬೇಡಿ, ಮನೆಯಲ್ಲೇ ಮಾಡಿದರೂ ಅದು ಬೇಕು.

4. ಕಮಿಷನ್ ಬರುವುದನ್ನು ಮುಚ್ಚಿಡಬೇಡಿ. ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. 'ನೀವು ಕೊಂಡರೆ ನನಗೂ ಸ್ವಲ್ಪ ಸಿಗುತ್ತೆ' ಎಂದು ಬಾಯಿಬಿಟ್ಟು ಹೇಳಿದರೆ ಯಾರೂ ಬೇಸರಪಡುವುದಿಲ್ಲ.

5. ಪ್ಯಾನ್ ಕಾರ್ಡ್ ಕೊಟ್ಟಿರಿ. 2025ರ ಏಪ್ರಿಲ್‌ನಿಂದ, ವರ್ಷದ ಕಮಿಷನ್ 20,000 ರೂಪಾಯಿ ದಾಟಿದರೆ ನೂರಕ್ಕೆ 2ರಂತೆ ತೆರಿಗೆ ಮುರಿದುಕೊಳ್ಳುತ್ತಾರೆ. ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು.

ಈಗ ನಾನು ನನ್ನ ಅಡುಗೆಮನೆಯಲ್ಲಿ ಬಳಸಿದ ಸಾಮಾನಿಗೆ ಮಾತ್ರ ಲಿಂಕ್ ಹಾಕುವುದು. ಜೊತೆಗೆ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಮಾರುತ್ತೇನೆ. ಎರಡೂ ಸೇರಿ ಮೂರು ಸಾವಿರ ಮುಟ್ಟುತ್ತದೆ. ಹಾಸ್ಟೆಲ್ ಖರ್ಚಿಗೆ ಸಾವಿರ ಸಾಲದು ಅಂತ ಯಜಮಾನರಿಗೆ ಅಳುಕುತ್ತಲೇ ಹೇಳಿದೆ. "ಅದಕ್ಕೇನು, ನಾನಿಲ್ವಾ? ಮೊದಲೇ ಹೇಳಬಾರದಿತ್ತೆ?" ಅಂದರು. ಸುಮ್ಮನೆ ಎಷ್ಟು ರಾತ್ರಿ ನಿದ್ದೆ ಕೆಡಿಸಿಕೊಂಡೆನಲ್ಲ!

ಮೊನ್ನೆ ಬಾಣಲೆಯ ಹುಡುಗಿ ಮತ್ತೆ ಬಂದಳು. ಬರಿಗೈಲಿ ಹೋಗಲಿಲ್ಲ, ಅರ್ಧ ಕೆ.ಜಿ. ಸಾರಿನ ಪುಡಿ ಕೊಂಡು ಹೋದಳು. ಕಮಿಷನ್ನಿನ ದರ ಕಂಪನಿಯವರ ಕೈಯಲ್ಲಿದೆ, ನಿಜ. ಜನ ನಮ್ಮ ಮೇಲಿಟ್ಟ ನಂಬಿಕೆಯನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಏನಂತೀರಿ?