ಕೊಡೋಕೆ ಬರ್ತಾರೆ, ಕೇಳೋಕೆ ಬರಲ್ಲ!

ನಾಗಸಂದ್ರದಲ್ಲಿ ನಮ್ಮ ಮನೆಯಿಂದ ಎರಡೇ ಅಡ್ಡರಸ್ತೆ ದಾಟಿದರೆ ಒಂದು ವೃದ್ಧಾಶ್ರಮವಿದೆ. ಎಷ್ಟೋ ವರ್ಷ ಅದರ ಮುಂದೆಯೇ ಹಾಲು, ತರಕಾರಿ ತರಲು ಓಡಾಡಿದ್ದೇನೆ. ಒಮ್ಮೆ ಮಾತ್ರ ಒಳಗೆ ಹೋಗಿದ್ದೆ. ಅಪ್ಪನ ತಿಥಿಯ ದಿನ ಒಂದು ಹೊತ್ತಿನ ಊಟಕ್ಕೆ ಹಣ ಕಟ್ಟಿ, ರಸೀದಿ ಜೇಬಿಗಿಟ್ಟುಕೊಂಡು ಬಂದಿದ್ದೆ. ಅಲ್ಲಿ ಯಾರಿದ್ದಾರೆ ಎಂದು ನೋಡಿರಲಿಲ್ಲ.

ನೋಡುವ ಸಂದರ್ಭ ತಾನಾಗಿಯೇ ಬಂತು. ನಮ್ಮ ಶಾಖೆಯಲ್ಲಿ ಹೆಡ್ ಕ್ಯಾಶಿಯರ್ ಆಗಿದ್ದವರು, ನನಗಿಂತ ನಾಲ್ಕು ವರ್ಷ ಹಿರಿಯರು, ಅಲ್ಲಿಗೇ ಬಂದು ಸೇರಿದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಪರದೇಶದಲ್ಲಿ. ಒಂದು ಭಾನುವಾರ ನೋಡಲು ಹೋದೆ. ಹಾಲ್‌ನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಬಲೂನು, ಕೇಕು, ತಟ್ಟೆ ತುಂಬ ಬಾಳೆಹಣ್ಣು. ಹಿರಿಯರನ್ನೆಲ್ಲ ಸಾಲಾಗಿ ಕೂರಿಸಿ ಹಣ್ಣು ಕೊಟ್ಟರು, ಫೋಟೊ ತೆಗೆದರು, ನಲವತ್ತು ನಿಮಿಷದಲ್ಲಿ ಕಾರು ಹತ್ತಿದರು. ಒಳ್ಳೆಯ ಜನವೇ, ತಪ್ಪು ಹೇಳುವಂತಿಲ್ಲ. ಅವರು ಹೋದ ಮೇಲೆ ನನ್ನ ಗೆಳೆಯರು ಕೈಯಲ್ಲಿದ್ದ ಬಾಳೆಹಣ್ಣು ನೋಡುತ್ತಾ ಹೇಳಿದರು: "ಎಲ್ರೂ ಕೊಡೋಕೆ ಬರ್ತಾರೆ ಕಣಯ್ಯ. ಕೇಳೋಕೆ ಯಾರೂ ಬರಲ್ಲ."

ನಮ್ಮ ಮಾತನ್ನು ಕೇಳಿಸಿಕೊಳ್ಳುವವರಿಲ್ಲ ಎಂಬುದು ಒಂದು ಅರ್ಥ. ನಮ್ಮಿಂದ ಏನನ್ನಾದರೂ ಕೇಳಿ ಪಡೆಯುವವರಿಲ್ಲ ಎಂಬುದು ಇನ್ನೊಂದು. ಮನೆಗೆ ನಡೆದು ಬರುವಾಗ ಎರಡನೆಯ ಅರ್ಥವೇ ಹೆಚ್ಚು ಚುಚ್ಚಿತು.

ನಿಷ್ಕ್ರಿಯ ಖಾತೆ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಹೋಲಿಕೆಯೂ ಅಲ್ಲಿಂದಲೇ ಬರುತ್ತದೆ. ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದನ್ನು ನಿಷ್ಕ್ರಿಯ ಖಾತೆ ಎನ್ನುತ್ತಾರೆ. ಬ್ಯಾಂಕೇ ಜಮಾ ಮಾಡುವ ಉಳಿತಾಯದ ಬಡ್ಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಹಣ ಬೆಳೆಯುತ್ತಲೇ ಇರಬಹುದು, ಖಾತೆ ಮಾತ್ರ ಮಲಗಿರುತ್ತದೆ. ಖಾತೆದಾರ ತಾನೇ ಕಟ್ಟಬೇಕು, ಇಲ್ಲವೇ ತೆಗೆಯಬೇಕು.

ನಮ್ಮ ಬಡಾವಣೆಗೂ ಆ ಆಶ್ರಮಕ್ಕೂ ಇದ್ದ ಸಂಬಂಧ ಹೀಗೆಯೇ. ಹಣ್ಣು, ಕಂಬಳಿ, ಹಬ್ಬದ ಊಟ ಜಮಾ ಆಗುತ್ತಿತ್ತು. ಖಾತೆ ನಿಷ್ಕ್ರಿಯವಾಗಿತ್ತು.

ಇದು ನಾಗಸಂದ್ರಕ್ಕೆ ಮಾತ್ರ ಸೇರಿದ ಮಾತಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. 2007ರಲ್ಲಿ ಬಂದ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮ ಬೇಕು ಎನ್ನುತ್ತದೆ. ಕಟ್ಟಡ, ಹಾಸಿಗೆ, ಊಟದ ವಿಷಯವನ್ನು ಕಾಯ್ದೆ ನೋಡಿಕೊಳ್ಳಬಹುದು. ಅಕ್ಕಪಕ್ಕದ ಮನೆಯವರು ಬಂದು ಮಾತಾಡಬೇಕು ಎಂದು ಯಾವ ಕಾಯ್ದೆಯೂ ಹೇಳಲಾರದು.

ಬುಟ್ಟಿ ಹಿಡಿದು ಹೊರಟ ಹೆಣ್ಣುಮಗಳು

ಊರಿನ ಜೊತೆ ನಂಟು ಕಟ್ಟಿದವರು ಹಿಂದೆಯೂ ಇದ್ದರು. 1839ರ ಚಳಿಗಾಲ. ಫ್ರಾನ್ಸಿನ ಕಡಲ ತೀರದ ಸಣ್ಣ ಊರಿನಲ್ಲಿ ಜೀನ್ ಜುಗಾನ್ ಎಂಬ ಬಡ ಹೆಣ್ಣುಮಗಳು ಕಣ್ಣು ಕಾಣದ ಒಬ್ಬ ಮುದುಕಿಯನ್ನು ತನ್ನ ಬಾಡಿಗೆ ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಇನ್ನಷ್ಟು ಮಂದಿ ಬಂದು ಸೇರಿದಾಗ, ಅವರು ಬೇಡಲು ಹೋಗುತ್ತಿದ್ದ ಮನೆಗಳಿಗೆ ಅವರ ಬದಲು ತಾನೇ ಬುಟ್ಟಿ ಹಿಡಿದು ಹೊರಟಳು. ಆಕೆ ಶುರು ಮಾಡಿದ ಪಂಗಡದ ಸೋದರಿಯರು ನಡೆಸುವ ವೃದ್ಧಾಶ್ರಮ ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಇದೆ. ದಾನ ಕೇಳಿಕೊಂಡು ಊರೊಳಗೆ ಹೋಗುವುದು ಅವರ ಪದ್ಧತಿ. ಕೇಳಲು ಹೋಗುವುದರಿಂದ ಅಕ್ಕಿ ತರಕಾರಿಯ ಜೊತೆ ಪರಿಚಯವೂ ಬರುತ್ತದೆ. ಕೊಟ್ಟ ಅಂಗಡಿಯವನಿಗೆ ಆ ಮನೆ ಎಲ್ಲಿದೆ, ಅಲ್ಲಿ ಯಾರಿದ್ದಾರೆ ಎಂಬುದು ಗೊತ್ತಾಗುತ್ತದೆ.

ನಮ್ಮ ಕಾಲದ ಇನ್ನೊಂದು ಉದಾಹರಣೆ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್. ನಗರ ಪೊಲೀಸರ ಜೊತೆ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ಆರಂಭಿಸಿದ ಸಂಸ್ಥೆ ಇದು. ಅರವತ್ತು ದಾಟಿದವರಿಗೆಂದೇ ಉದ್ಯೋಗ ಮೇಳವನ್ನೂ ನಡೆಸಿದೆ. ಮುದುಕರಿಗೆ ಏನು ಬೇಕು ಎಂದು ಕೇಳಿದ್ದಷ್ಟೇ ಅಲ್ಲ, ನಿಮಗೆ ಏನು ಬರುತ್ತದೆ ಎಂದೂ ಕೇಳಿತು.

ಹೊರದೇಶಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಜಪಾನಿನ ಟೋಕಿಯೊದಲ್ಲಿ ಕೊಟೊಎನ್ ಎಂಬಲ್ಲಿ ಶಿಶುವಿಹಾರ ಮತ್ತು ವೃದ್ಧಾಶ್ರಮ ಒಂದೇ ಸೂರಿನಡಿ ಇವೆ. ನೆದರ್‌ಲ್ಯಾಂಡ್ಸಿನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ಆಶ್ರಮದಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತಾರೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಜೊತೆಗೆ ಉಣ್ಣುವುದು, ಕಂಪ್ಯೂಟರ್ ಕಲಿಸುವುದು, ಹರಟೆ ಹೊಡೆಯುವುದು, ಅಷ್ಟೆ.

ಹತ್ತು ರೂಪಾಯಿ ಎಲ್ಲಿಂದ ಬಂತು?

ನಮ್ಮ ನಾಗಸಂದ್ರದಲ್ಲಿ ಇಷ್ಟೆಲ್ಲ ಯೋಜನೆ ಇರಲಿಲ್ಲ. ಆಶ್ರಮದ ಕಾವಲುಗಾರನ ಮಗ ಎಂಟನೇ ತರಗತಿ. ಚಕ್ರಬಡ್ಡಿ ಲೆಕ್ಕ ತಲೆಗೆ ಹತ್ತದೆ ಗೇಟಿನ ಬಳಿ ಅಳುಮುಖ ಮಾಡಿಕೊಂಡು ಕೂತಿದ್ದ. ಮೇಲ್ವಿಚಾರಕಿ ಅವನನ್ನು ನನ್ನ ಗೆಳೆಯರ ಬಳಿ ಕಳಿಸಿದರು. ಗೆಳೆಯರು ನಶ್ಯದ ಡಬ್ಬಿ ಪಕ್ಕಕ್ಕಿಟ್ಟು ಶುರು ಮಾಡಿದರು. "ಸಾವಿರ ರೂಪಾಯಿ, ನೂರಕ್ಕೆ ಹತ್ತರಂತೆ ಎರಡು ವರ್ಷ. ಸರಳಬಡ್ಡಿ ಎಷ್ಟು?" "ಇನ್ನೂರು." "ಚಕ್ರಬಡ್ಡಿ?" "ಇನ್ನೂರ ಹತ್ತು, ಪುಸ್ತಕದಲ್ಲಿದೆ ತಾತ." "ಪುಸ್ತಕ ಮುಚ್ಚು. ಆ ಹತ್ತು ರೂಪಾಯಿ ಎಲ್ಲಿಂದ ಬಂತು ಹೇಳು!"

ಮೊದಲ ವರ್ಷದ ನೂರು ರೂಪಾಯಿ ಬಡ್ಡಿಗೂ ಎರಡನೇ ವರ್ಷ ಹತ್ತು ರೂಪಾಯಿ ಬಡ್ಡಿ ಬಂತು ಎಂದು ಹುಡುಗನಿಗೆ ಹೊಳೆಯಲು ಅರ್ಧ ಗಂಟೆ ಹಿಡಿಯಿತು. ಮರುದಿನ ಅವನು ಇಬ್ಬರು ಗೆಳೆಯರನ್ನು ಕರೆತಂದ. ತಿಂಗಳೊಳಗೆ ವಾರಕ್ಕೆ ಮೂರು ಸಂಜೆ, ಆರೇಳು ಮಕ್ಕಳು. ಒಬ್ಬ ಅಜ್ಜಿ ಕನ್ನಡ ಕಾಗುಣಿತ ತಿದ್ದತೊಡಗಿದರು. ಇನ್ನೊಬ್ಬರಿಗೆ ಕಣ್ಣು ಮಂಜು. ಒಬ್ಬ ಹುಡುಗಿ ಅವರಿಗೆ ವಾರಪತ್ರಿಕೆಯ ಕಥೆಗಳನ್ನು ಓದಿ ಹೇಳುತ್ತಾಳೆ, ತಪ್ಪು ಓದಿದರೆ ಅವರು ತಿದ್ದುತ್ತಾರೆ. ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೆ ಎಂದು ಹೇಳುವುದೇ ಕಷ್ಟ.

ಮಳೆಗಾಲದಲ್ಲಿ ಗೆಳೆಯರಿಗೆ ಜ್ವರ ಬಂತು. ನಾಲ್ಕು ದಿನ ಹೊರಗೆ ಬರಲಿಲ್ಲ. ಮೊದಲ ಸಂಜೆಯೇ ಮಕ್ಕಳು ಮೇಲ್ವಿಚಾರಕಿಯನ್ನು ಸುತ್ತುವರಿದು "ಕ್ಯಾಶಿಯರ್ ತಾತ ಎಲ್ಲಿ?" ಎಂದರಂತೆ. ಮೂಲೆಯ ಮೆಡಿಕಲ್ ಸ್ಟೋರಿನವನೂ ವಿಚಾರಿಸಿದನಂತೆ. ನಾನು ನೋಡಲು ಹೋದಾಗ ಅವರು ಜ್ವರದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮಕ್ಕಳು ಕೇಳಿದ್ರಂತೆ ಕಣಯ್ಯ" ಎಂದರು. ಎರಡು ಸಲ ಹೇಳಿದರು.

ಆಶ್ರಮ ನಡೆಸುವವರು ಏನು ಮಾಡಬಹುದು?

ಒಂದು ವರ್ಷ ನೋಡಿದ ಮೇಲೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲನೆಯದು, ವಾರಕ್ಕೆ ಒಂದೇ ಗಂಟೆಯಾದರೂ ಸರಿ, ದಿನ ಮತ್ತು ಹೊತ್ತು ಗೊತ್ತು ಮಾಡಿ. ವರ್ಷಕ್ಕೊಮ್ಮೆ ಇನ್ನೂರು ಮಕ್ಕಳು ಬಂದು ಹಾಡಿ ಹೋಗುವುದಕ್ಕಿಂತ, ಅದೇ ಆರು ಮಕ್ಕಳು ಅದೇ ಹಿರಿಯರ ಬಳಿ ಪ್ರತಿ ವಾರ ಬರುವುದು ಮೇಲು. ಸೇರಿದ ಪ್ರತಿಯೊಬ್ಬರಿಗೂ ಏನು ಬರುತ್ತದೆ ಎಂದು ಕೇಳಿ ಬರೆದಿಡಿ. ಹೊಲಿಗೆ, ಹೂ ಕಟ್ಟುವುದು, ರೇಡಿಯೊ ರಿಪೇರಿ, ಉಪ್ಪಿನಕಾಯಿ, ಯಾವುದೂ ಸಣ್ಣದಲ್ಲ. ಕಾಯಿಲೆಯ ಫೈಲು ಎಲ್ಲ ಆಶ್ರಮದಲ್ಲೂ ಇರುತ್ತದೆ, ಕೈಕಸುಬಿನ ಫೈಲು ಇರುವುದಿಲ್ಲ.

ಗೇಟು ತೆರೆದರೂ ರಿಜಿಸ್ಟರ್ ಬಿಡಬೇಡಿ. ಬಂದವರ ಹೆಸರು, ಹೊತ್ತು ಬರೆಸಿ. ಮಕ್ಕಳಿದ್ದಾಗ ಸಿಬ್ಬಂದಿಯಲ್ಲಿ ಒಬ್ಬರು ಕಣ್ಣಳತೆಯಲ್ಲಿರಲಿ. ಈ ಕೆಲಸಕ್ಕೆಂದೇ ಒಬ್ಬರನ್ನು ಗೊತ್ತು ಮಾಡದಿದ್ದರೆ ಎರಡನೇ ತಿಂಗಳಿಗೆ ಎಲ್ಲ ನಿಂತು ಹೋಗುತ್ತದೆ.

ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳನ್ನು ಕೇಳಿ. ಆ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸಮಾಜಸೇವೆ ಮಾಡಬೇಕು. ಬಡಾವಣೆಯ ಸಂಘದ ಸಭೆಗೆ, ಆರೋಗ್ಯ ತಪಾಸಣೆಗೆ, ರಾಜ್ಯೋತ್ಸವಕ್ಕೆ ನಿಮ್ಮ ಹಾಲ್ ಬಿಟ್ಟುಕೊಡಿ. ಬಂದವರು ಮನೆ ನೋಡುತ್ತಾರೆ.

ಹಿರಿಯರನ್ನೂ ಹೊರಗೆ ಕಳಿಸಿ. 2015ರ ಮೇ ತಿಂಗಳಿಂದ ನಾಗಸಂದ್ರಕ್ಕೆ ಮೆಟ್ರೊ ಇದೆ, ನಿಲ್ದಾಣದಲ್ಲಿ ಲಿಫ್ಟ್ ಇದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅಜ್ಜಿಯಂದಿರಿಗೆ ಬಸ್ಸು ಉಚಿತ. ನಡೆಯಬಲ್ಲವರು ಗ್ರಂಥಾಲಯಕ್ಕೋ ಸಂತೆಗೋ ದೇವಸ್ಥಾನಕ್ಕೋ ಹೋಗಿಬಂದರೆ, ಅಂದು ಸಂಜೆ ಹೇಳಲು ಒಂದು ಸುದ್ದಿಯಿರುತ್ತದೆ.

ಬರಲು ಇಷ್ಟವಿಲ್ಲದವರನ್ನು ಬಲವಂತ ಮಾಡಬೇಡಿ. ಸುಮ್ಮನೆ ಕೂರುವುದೂ ಅವರ ಹಕ್ಕು.

ನನಗೂ ಎಪ್ಪತ್ತು ದಾಟಿದೆ. ಮಗ ಬೇರೆ ಊರಿನಲ್ಲಿದ್ದಾನೆ. ಮುಂದೆ ಎಲ್ಲಿರುವುದು ಎಂಬ ಮಾತು ನಮ್ಮ ಮನೆಯಲ್ಲೂ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಮೊದಲೆಲ್ಲ ರೂಮು ಹೇಗಿದೆ, ಡಾಕ್ಟರ್ ಬರುತ್ತಾರಾ ಎಂದು ಲೆಕ್ಕ ಹಾಕುತ್ತಿದ್ದೆವು. ಮೊನ್ನೆ ನನ್ನ ಹೆಂಡತಿ ಕೇಳಿದಳು, "ಅಲ್ಲಿ ಒಂದಿನ ನಾವು ಕಾಣದಿದ್ರೆ ಯಾರಾದ್ರೂ ವಿಚಾರಿಸ್ತಾರಾ?" ಉತ್ತರ ಹುಡುಕುತ್ತಾ ಕೂರುವ ಬದಲು ನಾವಿಬ್ಬರೂ ಈಗಲೇ ಅಲ್ಲಿಗೆ ಹೋಗಿ ಬರಲು ಶುರು ಮಾಡಿದ್ದೇವೆ. ಅವಳು ರಂಗೋಲಿ ಕಲಿಸುತ್ತಾಳೆ. ನನ್ನ ಪಾಲಿಗೆ ಮಂಗಳವಾರದ ಪಾಠ: ಚೆಕ್ಕು ಬರೆಯುವುದು ಹೇಗೆ.

ಮಕ್ಕಳಿಗೆ ನಾಲ್ಕು ಮಾತು

* ಅಜ್ಜ ಅಜ್ಜಿಯರ ಎದುರು ಕೂತು, ಮುಖ ನೋಡಿ, ನಿಧಾನವಾಗಿ ಮಾತಾಡಿ. ಹೇಳಿದ್ದನ್ನೇ ಮತ್ತೆ ಹೇಳಿದರೆ ನಗಬೇಡಿ, ಮತ್ತೆ ಕೇಳಿ.
* ಶೀತ, ಕೆಮ್ಮು ಇದ್ದರೆ ಆ ವಾರ ಹೋಗಬೇಡಿ.
* ಸಿಹಿ ತಿಂಡಿ ಕೊಡುವ ಮುಂಚೆ ಸಿಬ್ಬಂದಿಯನ್ನು ಕೇಳಿ. ಫೋಟೊ ತೆಗೆಯುವ ಮುಂಚೆ ಅವರನ್ನೇ ಕೇಳಿ.
* "ಮುಂದಿನ ವಾರ ಬರ್ತೀನಿ" ಎಂದು ಹೇಳಿದರೆ ಬನ್ನಿ. ಅವರು ಗೇಟಿನ ಕಡೆಗೇ ನೋಡುತ್ತಿರುತ್ತಾರೆ.

(ತೊಂದರೆಯಲ್ಲಿರುವ ಹಿರಿಯರು ದೇಶದ ಎಲ್ಲಿಂದಲಾದರೂ ಕರೆ ಮಾಡಬಹುದಾದ ಉಚಿತ ಸಹಾಯವಾಣಿ: 14567)